ಕ್ಯಾಮ್ ಬದಲಿಸುವವರು ಮೊದಲು ವಾಲ್ವ್–ಪಿಸ್ಟನ್ ಅಂತರ ಅಳೆಯಲಿ

ಮಾನ್ಯ ಸಂಪಾದಕರೆ,

ತಮ್ಮ ಪತ್ರಿಕೆಯ ವಾಚಕರ ವಿಭಾಗದಲ್ಲಿ ಈಚೆಗೆ ಬಂದ ಪತ್ರವೊಂದು ಬೈಕಿಗೆ, ವಾಲ್ವುಗಳನ್ನು ಹೆಚ್ಚು ತೆರೆದು ಪವರ್ ಏರಿಸುವ ಉಬ್ಬುದಂಡವಾದ ಪರ್ಫಾರ್ಮೆನ್ಸ್ ಕ್ಯಾಮ್‌ಶಾಫ್ಟ್ ಹಾಕುವವರಿಗೆ ಒಂದು ಸುಲಭದ ಸಲಹೆ ಕೊಟ್ಟಿದೆ. ಹೆಡ್ (ಸಿಲಿಂಡರಿನ ಮೇಲ್ಮುಚ್ಚಳ) ಬಿಚ್ಚಬೇಕಾಗಿಲ್ಲ, ಕ್ಯಾಮ್ ಕೂರಿಸಿ ಎಂಜಿನ್ನನ್ನು ಕೈಯಲ್ಲಿ ಎರಡು ಸುತ್ತು ತಿರುಗಿಸಿ, ಎಲ್ಲೂ ತಗಲದಿದ್ದರೆ ಸ್ಟಾರ್ಟ್ ಮಾಡಿ ಎಂದು. ತುಮಕೂರಿನ ಗ್ಯಾರೇಜುಗಳಲ್ಲೂ ಈ ಮಾತು ಚಾಲ್ತಿಯಲ್ಲಿರುವುದರಿಂದ ಇದಕ್ಕೆ ಉತ್ತರ ಬರೆಯಬೇಕಾಯಿತು. ಕೈಯಲ್ಲಿ ತಿರುಗಿಸಿದಾಗ ತಗಲಲಿಲ್ಲ ಎಂದರೆ ತಿಳಿಯುವುದು ಇಷ್ಟೇ: ನಿಂತಿರುವ, ತಣ್ಣಗಿರುವ ಎಂಜಿನ್ನಿನಲ್ಲಿ ವಾಲ್ವಿಗೂ ಪಿಸ್ಟನ್ನಿಗೂ ನಡುವೆ ಸೊನ್ನೆಗಿಂತ ಹೆಚ್ಚು ಜಾಗ ಇದೆ. ಆ ಜಾಗ ಕಾಲು ಮಿಲಿಮೀಟರೋ ಎರಡು ಮಿಲಿಮೀಟರೋ ಅದರಿಂದ ಗೊತ್ತಾಗುವುದಿಲ್ಲ. ಕಾಲು ಮಿಮೀ ಇರುವ ಎಂಜಿನ್ ಗ್ಯಾರೇಜಿನಲ್ಲಿ ನುಣ್ಣಗೆ ತಿರುಗುತ್ತದೆ. ಶಿರಾ ರಸ್ತೆಗೆ ಬಂದು ಥ್ರಾಟಲ್ ಪೂರ್ತಿ ತಿರುವಿದ ಮೇಲೆ ವಾಲ್ವ್ ಬಾಗಿಸಿಕೊಳ್ಳುತ್ತದೆ.

ಎರಡು ಸ್ಟ್ರೋಕಿನ ಗಾಡಿಗಳಲ್ಲಿ ಕೈ ಪಳಗಿದವರಲ್ಲಿ ಈ ಧೈರ್ಯ ಜಾಸ್ತಿ. ಮೈಸೂರಿನಲ್ಲಿ ತಯಾರಾಗುತ್ತಿದ್ದ ಯೆಜ್ಡಿಗಾಗಲಿ, ಯಮಹಾ ಆರ್‌ಎಕ್ಸ್ 100ಕ್ಕಾಗಲಿ ಕ್ಯಾಮ್ ಇಲ್ಲ, ಪಿಸ್ಟನ್ನಿಗೆ ಎದುರು ಬರುವ ವಾಲ್ವೂ ಇಲ್ಲ. ಅಲ್ಲಿ ಪೋರ್ಟ್ (ಗಾಳಿ, ಹೊಗೆ ಹಾಯುವ ಕಿಂಡಿ) ಕೊರೆದದ್ದು ಹೆಚ್ಚಾದರೆ ಸಾಮಾನ್ಯವಾಗಿ ಎಂಜಿನ್ ಸಪ್ಪೆಯಾಗುತ್ತದೆ. ನಾಲ್ಕು ಸ್ಟ್ರೋಕಿನಲ್ಲಿ ಲೆಕ್ಕ ತಪ್ಪಿದರೆ ಲೋಹಕ್ಕೆ ಲೋಹ ಹೊಡೆಯುತ್ತದೆ.

ಮೊದಲು ಆ ಹೊಡೆತ ಎಲ್ಲಿ ಬೀಳುತ್ತದೆ ಎಂಬುದನ್ನು ನೋಡೋಣ. 'ಈ ಕ್ಯಾಮಿನ ಲಿಫ್ಟ್ (ವಾಲ್ವ್ ಎತ್ತುವ ಎತ್ತರ) ಒಂದು ಮಿಮೀ ಜಾಸ್ತಿ, ಹಾಗಾಗಿ ವಾಲ್ವ್ ಪಿಸ್ಟನ್ನಿಗೆ ಒಂದು ಮಿಮೀ ಹತ್ತಿರ ಬರುತ್ತದೆ' ಎಂಬ ಲೆಕ್ಕ ತಪ್ಪು. ಇನ್‌ಲೆಟ್ ವಾಲ್ವ್ (ಗಾಳಿ, ಪೆಟ್ರೋಲ್ ಒಳಬಿಡುವುದು) ಪೂರ್ತಿ ತೆರೆಯುವುದು ಪಿಸ್ಟನ್ ಟಿಡಿಸಿ, ಅಂದರೆ ತೀರ ಮೇಲಿನ ಜಾಗ ದಾಟಿ ನೂರು, ನೂರಹತ್ತು ಡಿಗ್ರಿ ಕ್ರ್ಯಾಂಕ್ ತಿರುಗಿದ ಮೇಲೆ. 90 ಮಿಮೀ ಸ್ಟ್ರೋಕಿನ ಹಳೆಯ 350 ಬುಲೆಟ್ಟನ್ನೇ ತೆಗೆದುಕೊಂಡರೆ, ಅಷ್ಟು ಹೊತ್ತಿಗೆ ಪಿಸ್ಟನ್ ಸುಮಾರು 60 ಮಿಮೀ ಕೆಳಗೆ ಹೋಗಿರುತ್ತದೆ. ವಾಲ್ವ್ ಅಲ್ಲಿ ಎಷ್ಟು ಬಾಗಿಲು ತೆರೆದರೂ ಪಿಸ್ಟನ್ ಸಿಗುವುದಿಲ್ಲ. ಅಪಾಯ ಇರುವುದು ಎಕ್ಸಾಸ್ಟ್ ಸ್ಟ್ರೋಕ್ (ಹೊಗೆ ಹೊರತಳ್ಳುವ ಏರಿಕೆ) ಮುಗಿದು ಇನ್‌ಟೇಕ್ ಶುರುವಾಗುವ ಟಿಡಿಸಿಯ ಆಚೀಚೆ. ಎಕ್ಸಾಸ್ಟ್ ವಾಲ್ವ್ ಇನ್ನೂ ಮುಚ್ಚಿಕೊಳ್ಳುತ್ತಿರುವಾಗಲೇ ಪಿಸ್ಟನ್ ಅದನ್ನು ಅಟ್ಟಿಸಿಕೊಂಡು ಮೇಲೆ ಬರುತ್ತದೆ. ಇನ್‌ಲೆಟ್ ವಾಲ್ವ್ ತೆರೆಯಲು ಶುರುಮಾಡಿ, ಇಳಿಯುವ ಪಿಸ್ಟನ್ನಿನ ಬೆನ್ನು ಹತ್ತುತ್ತದೆ. ಟಿಡಿಸಿಯಿಂದ 10 ಡಿಗ್ರಿ ಆಚೆ ಅದೇ ಬುಲೆಟ್ಟಿನ ಪಿಸ್ಟನ್ ಇಳಿದಿರುವುದು ಒಂದು ಮಿಮೀಗೂ ಕಡಿಮೆ. ಎಕ್ಸಾಸ್ಟ್ ಸಾಮಾನ್ಯವಾಗಿ ಟಿಡಿಸಿಗೆ 10ರಿಂದ 15 ಡಿಗ್ರಿ ಮೊದಲು, ಇನ್‌ಲೆಟ್ 10ರಿಂದ 15 ಡಿಗ್ರಿ ನಂತರ ಪಿಸ್ಟನ್ನಿಗೆ ಅತಿ ಹತ್ತಿರ ಇರುತ್ತವೆ. ಆದ್ದರಿಂದ ಕ್ಯಾಮ್ ಎಷ್ಟು ಎತ್ತುತ್ತದೆ ಎನ್ನುವುದಕ್ಕಿಂತ, ವಾಲ್ವನ್ನು ಎಷ್ಟು ಬೇಗ ಎತ್ತಿ ಎಷ್ಟು ತಡವಾಗಿ ಬಿಡುತ್ತದೆ ಎನ್ನುವುದು ಇಲ್ಲಿ ಮುಖ್ಯ. ಲಿಫ್ಟ್ ಒರಿಜಿನಲ್ಲಿನಷ್ಟೇ ಇದ್ದು ಡ್ಯೂರೇಶನ್ (ವಾಲ್ವ್ ತೆರೆದಿರುವ ಅವಧಿ) ಹೆಚ್ಚಿರುವ, ಎರಡು ಲೋಬುಗಳು (ಕ್ಯಾಮಿನ ಉಬ್ಬುಗಳು) ಹತ್ತಿರ ಹತ್ತಿರ ಇರುವ ಕ್ಯಾಮೂ ವಾಲ್ವ್ ಬಗ್ಗಿಸಬಲ್ಲದು.

ನಿಂತ ಎಂಜಿನ್ನಿನಲ್ಲಿ ಇದ್ದ ಅಂತರ ಓಡುವಾಗ ಎಲ್ಲಿಗೆ ಹೋಗುತ್ತದೆ ಎಂದು ಕೇಳಬಹುದು. ಓವರ್‌ಲ್ಯಾಪಿನ, ಅಂದರೆ ಎರಡೂ ವಾಲ್ವುಗಳು ಸ್ವಲ್ಪ ತೆರೆದಿರುವ ಹೊತ್ತಿನ, ಟಿಡಿಸಿಯಲ್ಲಿ ಪಿಸ್ಟನ್ನನ್ನು ಕೆಳಕ್ಕೆ ಒತ್ತುವ ಉರಿಯ ಒತ್ತಡ ಇರುವುದಿಲ್ಲ. ರಭಸದಿಂದ ಮೇಲೆ ಬಂದ ಪಿಸ್ಟನ್ನನ್ನು ನಿಲ್ಲಿಸಿ ಹಿಂದಕ್ಕೆಳೆಯುವ ಕೆಲಸವೆಲ್ಲ ಕನೆಕ್ಟಿಂಗ್ ರಾಡಿನದು. 90 ಮಿಮೀ ಸ್ಟ್ರೋಕ್, ರಿಂಗು ಪಿನ್ನು ಸೇರಿ 400 ಗ್ರಾಂ ಪಿಸ್ಟನ್, 5,000 ಆರ್‌ಪಿಎಂ ಎಂದು ಲೆಕ್ಕ ಹಾಕಿದರೆ ರಾಡಿನ ಮೇಲೆ 600 ಕೆಜಿ ತೂಕಕ್ಕೂ ಮೀರಿದ ಎಳೆತ ಬೀಳುತ್ತದೆ. ಆರ್‌ಪಿಎಂ ಏರಿದಂತೆ ಇದು ವರ್ಗದ ಲೆಕ್ಕದಲ್ಲಿ ಏರುತ್ತದೆ. ರಾಡಿನ ಕೆಳತುದಿಯ ಬಿಗ್ ಎಂಡ್ ಬೇರಿಂಗಿನ ಪ್ಲೇ (ಸಡಿಲು), ಪಿಸ್ಟನ್ನನ್ನು ರಾಡಿಗೆ ಜೋಡಿಸುವ ಗಜನ್ ಪಿನ್ನಿನ ಪ್ಲೇ ಎರಡೂ ಮೇಲ್ಮುಖವಾಗಿ ಖಾಲಿಯಾಗುತ್ತವೆ, ರಾಡ್ ಕೂಡ ಒಂದಿಷ್ಟು ಹಿಗ್ಗುತ್ತದೆ. ಅತ್ತ ಬಿಸಿಗೆ ಎಕ್ಸಾಸ್ಟ್ ವಾಲ್ವಿನ ಕಡ್ಡಿ ಉದ್ದವಾಗುತ್ತದೆ. ಟೈಮಿಂಗ್ ಚೈನ್ ಹೊಡೆದಾಡುತ್ತದೆ. ಹೊಸ ಕ್ಯಾಮಿನ ಕಡಿದಾದ ಲೋಬಿಗೆ ಹಳೆಯ ಸ್ಪ್ರಿಂಗ್ ಸಾಲದೆ ಹೋದರೆ ವಾಲ್ವ್ ಲೋಬನ್ನು ಬಿಟ್ಟು ತೇಲಿ, ಮುಚ್ಚುವುದು ತಡವಾಗುತ್ತದೆ. 8,000 ಆರ್‌ಪಿಎಂನಲ್ಲಿ 10 ಡಿಗ್ರಿ ತಿರುಗಲು ಬೇಕಾಗುವ ಸಮಯ ಸೆಕೆಂಡಿನ ಐದು ಸಾವಿರ ಪಾಲಿನಲ್ಲಿ ಸುಮಾರು ಒಂದು ಪಾಲಿನಷ್ಟು. ಅಷ್ಟರಲ್ಲಿ ಎಕ್ಸಾಸ್ಟ್ ವಾಲ್ವ್ ತಡಮಾಡಿದರೆ ಹಿಂದೆಯೇ ಪಿಸ್ಟನ್ ಬಂದಿರುತ್ತದೆ. ಇನ್‌ಲೆಟ್ಟಿಗಿಂತ ಎಕ್ಸಾಸ್ಟಿಗೆ ಹೆಚ್ಚು ಜಾಗ ಬಿಡಬೇಕು ಎನ್ನುವುದು ಇದಕ್ಕೇ.

ಸ್ಟೀಲ್ ಕನೆಕ್ಟಿಂಗ್ ರಾಡ್ ಇರುವ ಎಂಜಿನ್ನಿಗೆ ಬಹುಕಾಲದಿಂದ ಬಳಕೆಯಲ್ಲಿರುವ ಅಂಕಿ ಇನ್‌ಲೆಟ್ಟಿಗೆ 2 ಮಿಮೀ, ಎಕ್ಸಾಸ್ಟಿಗೆ 2.5 ಮಿಮೀ. ಲೇತಿನವರ ಲೆಕ್ಕದಲ್ಲಿ 80 ತೌ, 100 ತೌ (ತೌ ಎಂದರೆ ಇಂಚಿನ ಸಾವಿರ ಪಾಲಿನಲ್ಲಿ ಒಂದು). ಅಲ್ಯುಮಿನಿಯಂ ರಾಡಾದರೆ ಇನ್ನೂ ಮುಕ್ಕಾಲು ಮಿಮೀ ಸೇರಿಸಬೇಕು. ಚಿಕ್ಕ ಬೈಕ್ ಎಂಜಿನ್ನಿಗೆ ಕ್ಯಾಮ್ ತಯಾರಕರು ಇದಕ್ಕಿಂತ ಕಡಿಮೆಯನ್ನು ಒಪ್ಪುವುದೂ ಉಂಟು. ಕ್ಯಾಮಿನ ಜೊತೆ ಬಂದ ಕಾರ್ಡಿನಲ್ಲಿ ಹಾಗೆ ಅಚ್ಚಾಗಿದ್ದರೆ ಅದೇ ಅಂತಿಮ. ಕಾರ್ಡೇ ಇಲ್ಲದೆ, ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿ ಕೊಟ್ಟ ಕ್ಯಾಮಾದರೆ 2 ಮತ್ತು 2.5 ಬಿಟ್ಟು ಇಳಿಯಬೇಡಿ. ಇದಲ್ಲದೆ ವಾಲ್ವಿನ ಅಂಚಿಗೂ ಪಿಸ್ಟನ್ನಿನ ಪಾಕೆಟ್ (ವಾಲ್ವಿಗೆಂದು ಪಿಸ್ಟನ್ ತಲೆಯಲ್ಲಿ ತೆಗೆದ ಗುಳಿ) ಗೋಡೆಗೂ ನಡುವೆ ಸುತ್ತಲೂ ಸುಮಾರು ಒಂದೂವರೆ ಮಿಮೀ ಬೇಕು. ದೊಡ್ಡ ವಾಲ್ವ್ ಹಾಕಿಸಿದವರು ಆಳವನ್ನು ಅಳೆದು ಈ ಅಂಚನ್ನು ಮರೆಯುತ್ತಾರೆ. ಬುಲೆಟ್ಟಿನಂತೆ ಎರಡು ವಾಲ್ವುಗಳು ಒಂದಕ್ಕೊಂದು ಓರೆಯಾಗಿ ನಿಂತ ಹೆಡ್ಡಿನಲ್ಲಿ ಓವರ್‌ಲ್ಯಾಪ್ ಸಮಯದಲ್ಲಿ ವಾಲ್ವಿಗೆ ವಾಲ್ವೇ ತಗಲಬಹುದು, ಅಲ್ಲೂ ಒಂದೂವರೆ ಮಿಮೀ ನೋಡಿಕೊಳ್ಳಬೇಕು.

ಇನ್ನು ಅಳೆಯುವ ಬಗೆ. ಎರಡು ಇವೆ: ಕ್ಲೇ ಇಟ್ಟು ಅಚ್ಚು ತೆಗೆಯುವುದು, ಡಯಲ್ ಗೇಜಿನಲ್ಲಿ ಅಳೆಯುವುದು. ಯಾವುದೇ ಆಗಲಿ, ಅದಕ್ಕೆ ಮೊದಲು ಟಿಡಿಸಿ ಸರಿಯಾಗಿ ಸಿಗಬೇಕು. ಮ್ಯಾಗ್ನೆಟ್ಟಿನ ಮೇಲಿನ ಟಿ ಗುರುತು ನಂಬಿ ಕೂರುವಂತಿಲ್ಲ. ಸ್ಕ್ರೂಡ್ರೈವರ್ ಇಳಿಬಿಟ್ಟು ಪಿಸ್ಟನ್ ಮೇಲೆ ಬಂದದ್ದನ್ನು ನೋಡುವುದಂತೂ ಲೆಕ್ಕಕ್ಕೇ ಇಲ್ಲ, ಏಕೆಂದರೆ ಟಿಡಿಸಿಯ ಆಚೀಚೆ ಎರಡು ಡಿಗ್ರಿಯಲ್ಲಿ ಪಿಸ್ಟನ್ ಚಲಿಸುವುದು ಕೂದಲೆಳೆಗಿಂತ ಕಡಿಮೆ. ರಾಕರ್ (ಕ್ಯಾಮಿನ ಒತ್ತನ್ನು ವಾಲ್ವಿಗೆ ದಾಟಿಸುವ ತೋಳು) ಬಿಚ್ಚಿಟ್ಟು ಅಥವಾ ಕ್ಯಾಮ್ ಹಾಕುವ ಮೊದಲು ಪಿಸ್ಟನ್ನಿಗೆ ಒಂದು ತಡೆ ಕೊಡಿ. ಹಳೆಯ ಸ್ಪಾರ್ಕ್ ಪ್ಲಗ್ಗಿನ ಒಳಗನ್ನು ತೆಗೆದು ಬೋಲ್ಟ್ ಕೂರಿಸಿದರೆ ಸಾಕು. ಕ್ರ್ಯಾಂಕಿನ ತುದಿಗೆ ಡಿಗ್ರಿ ಗುರುತಿನ ಚಕ್ರ, ಅದರ ಎದುರು ಒಂದು ಮುಳ್ಳು ಕೂರಿಸಿ. ಕ್ರ್ಯಾಂಕನ್ನು ಒಂದು ಕಡೆಗೆ ತಿರುಗಿಸಿ ತಡೆಗೆ ಮೆಲ್ಲಗೆ ತಾಗಿದಾಗ ಡಿಗ್ರಿ ಬರೆದುಕೊಳ್ಳಿ, ಇನ್ನೊಂದು ಕಡೆಗೆ ತಿರುಗಿಸಿ ತಾಗಿದಾಗ ಬರೆದುಕೊಳ್ಳಿ. ಒಂದು ಕಡೆ 38, ಇನ್ನೊಂದು ಕಡೆ 44 ಬಂದರೆ ಎರಡೂ 41 ಆಗುವ ಹಾಗೆ ಮುಳ್ಳನ್ನು ಮೂರು ಡಿಗ್ರಿ ಸರಿಸಿ. ರಾಕರ್ ಬಿಚ್ಚದೆ ಇದನ್ನು ಮಾಡಿದರೆ ತೆರೆಯುವ ವಾಲ್ವ್ ಆ ಬೋಲ್ಟಿಗೇ ಹೊಡೆಯಬಹುದು. ಡಿಗ್ರಿ ಚಕ್ರವನ್ನು ಝೆರಾಕ್ಸ್ ಅಂಗಡಿಯಲ್ಲಿ ಪ್ರಿಂಟ್ ಹಾಕಿಸಿ ತಗಡಿಗೆ ಅಂಟಿಸಿಕೊಂಡರೂ ನಡೆಯುತ್ತದೆ, ಆದರೆ ದೊಡ್ಡದಿರಲಿ: 200 ಮಿಮೀ ಅಗಲದ ಚಕ್ರದಲ್ಲಿ ಒಂದು ಡಿಗ್ರಿ ಅಂಚಿನಲ್ಲಿ ಒಂದೂಮುಕ್ಕಾಲು ಮಿಮೀ ಆಗುತ್ತದೆ, ಕಣ್ಣಿಗೆ ಸಿಗುತ್ತದೆ.

ಆಮೇಲೆ ಕಾರ್ಡಿನಲ್ಲಿ ಹೇಳಿದ ಕಡೆ ಕ್ಯಾಮ್ ಕೂತಿದೆಯೇ ಎಂದು ನೋಡಬೇಕು. ಈ ಹಂತ ಬಿಟ್ಟು ಅಂತರ ಅಳೆದರೆ ಅಳೆದದ್ದೆಲ್ಲ ವ್ಯರ್ಥ, ಏಕೆಂದರೆ ಕ್ಯಾಮನ್ನು ಮುಂದಕ್ಕೆ ತಂದಷ್ಟೂ ಇನ್‌ಲೆಟ್ಟಿನ ಅಂತರ ಕಡಿಮೆಯಾಗುತ್ತದೆ, ಹಿಂದಕ್ಕೆ ಸರಿಸಿದಷ್ಟೂ ಎಕ್ಸಾಸ್ಟಿನದು. ಚೈನ್ ಒಂದು ಹಲ್ಲು ತಪ್ಪಿದರಂತೂ ಮುಗಿಯಿತು: ಕ್ಯಾಮ್ ಚಕ್ರಕ್ಕೆ 32 ಹಲ್ಲಿದ್ದರೆ ಒಂದು ಹಲ್ಲೆಂದರೆ ಕ್ರ್ಯಾಂಕಿನ ಲೆಕ್ಕದಲ್ಲಿ ಇಪ್ಪತ್ತೆರಡೂವರೆ ಡಿಗ್ರಿ.

ಕ್ಲೇ ವಿಧಾನ ಅಗ್ಗ, ಹೆಚ್ಚು ಸಾಮಾನು ಬೇಡ. ಮಕ್ಕಳು ಆಡುವ ಎಣ್ಣೆ ಕ್ಲೇ ಯಾವುದೇ ಸ್ಟೇಷನರಿ ಅಂಗಡಿಯಲ್ಲಿ ಸಿಗುತ್ತದೆ. ಗಣೇಶನ ಮಣ್ಣು ಬೇಡ, ಅದರಲ್ಲಿ ಮರಳಿನ ಕಣ ಇರುತ್ತದೆ, ಒಣಗಿದರೆ ಬಿರಿಯುತ್ತದೆ. ಚಪಾತಿ ಹಿಟ್ಟಿನಲ್ಲಿ ಮಾಡುವವರೂ ಇದ್ದಾರೆ. ಹಿಟ್ಟು ಅದುಮಿದ ಮೇಲೆ ಮತ್ತೆ ಉಬ್ಬುತ್ತದೆ, ಇರುವುದಕ್ಕಿಂತ ಹೆಚ್ಚು ಅಂತರ ಇದ್ದಂತೆ ಕಾಣಿಸುತ್ತದೆ. ಪಿಸ್ಟನ್ ತಲೆಯ ಕಾರ್ಬನ್ನನ್ನು ಪೂರ್ತಿ ತೆಗೆದು, ಪೆಟ್ರೋಲ್ ಅಥವಾ ಥಿನ್ನರಿನಲ್ಲಿ ಒರೆಸಿ, ವಾಲ್ವ್ ಬರುವ ಜಾಗದಲ್ಲಿ ಆರೇಳು ಮಿಮೀ ದಪ್ಪದ ಕ್ಲೇ ಒತ್ತಿ ಕೂರಿಸಿ. ಪಾಕೆಟ್ಟಿನ ಗೋಡೆಯ ಮೇಲೂ ಹತ್ತಿಸಿ. ನಾಲ್ಕು ವಾಲ್ವಿನ ಹೆಡ್ಡಾದರೆ ನಾಲ್ಕೂ ಕಡೆ. ಬೋರಿನ ಅಂಚಿನಿಂದ ಆಚೆಗೆ ಕ್ಲೇ ಹೋಗದಂತೆ ನೋಡಿಕೊಳ್ಳಿ. ಹೆಡ್ಡಿನ ಕೆಳಗೆ ಒಂದು ಚೂರು ಸಿಕ್ಕಿಕೊಂಡರೂ ಹೆಡ್ ಪೂರ್ತಿ ಕೂರುವುದಿಲ್ಲ, ಅಳತೆ ಸುಳ್ಳಾಗುತ್ತದೆ. ವಾಲ್ವಿನ ಮುಖಕ್ಕೆ ಒಂದು ಬೆರಳು ಎಣ್ಣೆ ಸವರಿ, ಇಲ್ಲದಿದ್ದರೆ ಕ್ಲೇ ವಾಲ್ವಿಗೇ ಅಂಟಿಕೊಂಡು ಮೇಲೆ ಹೋಗುತ್ತದೆ.

ಪ್ಯಾಕಿಂಗ್ ವಿಷಯದಲ್ಲಿ ಒಂದು ಮಾತು. ಹೊಸ ಹೆಡ್ ಪ್ಯಾಕಿಂಗನ್ನು (ಹೆಡ್ಡಿಗೂ ಸಿಲಿಂಡರಿಗೂ ನಡುವಿನ ಗ್ಯಾಸ್ಕೆಟ್) ಅಳೆಯಲಿಕ್ಕೆಂದು ಹಾಕಿ ಹಾಳುಮಾಡಬೇಡಿ. ಈಗಾಗಲೇ ಒತ್ತಿಹೋದ ಹಳೆಯ ಪ್ಯಾಕಿಂಗ್ ಹಾಕಿ. ಅದರ ದಪ್ಪವನ್ನು ಮೈಕ್ರೋಮೀಟರಿನಲ್ಲಿ ಅಳೆದು ಬರೆದಿಡಿ, ಏಕೆಂದರೆ ಕೊನೆಗೆ ಹಾಕುವ ಪ್ಯಾಕಿಂಗ್ ಇದಕ್ಕಿಂತ ತೆಳುವಾದರೆ ಆ ವ್ಯತ್ಯಾಸವನ್ನು ಕಳೆಯಬೇಕು. ಹೆಡ್ ಬೋಲ್ಟುಗಳನ್ನು ಎದುರುಬದುರಾಗಿ, ಹಂತ ಹಂತವಾಗಿ, ಟಾರ್ಕ್ ವ್ರೆಂಚಿನಲ್ಲೇ ಪೂರ್ತಿ ಟಾರ್ಕಿಗೆ ಬಿಗಿಯಿರಿ. ಟ್ಯಾಪೆಟ್ ಗ್ಯಾಪ್ (ರಾಕರಿಗೂ ವಾಲ್ವ್ ಕಡ್ಡಿಗೂ ನಡುವಿನ ಸಂದು) ಕಾರ್ಡಿನಲ್ಲಿ ಹೇಳಿದಷ್ಟು ಇರಲಿ. ಗ್ಯಾಪ್ ಸೊನ್ನೆ ಇಟ್ಟು ಅಳೆದರೆ ಇನ್ನೂ ಸುರಕ್ಷಿತ.

ಪ್ಲಗ್ ಬಿಚ್ಚಿಟ್ಟು ಕ್ರ್ಯಾಂಕನ್ನು ಸ್ಪ್ಯಾನರಿನಲ್ಲಿ, ಎಂಜಿನ್ ಓಡುವ ದಿಕ್ಕಿನಲ್ಲೇ, ಪೂರ್ತಿ ಎರಡು ಸುತ್ತು ನಿಧಾನವಾಗಿ ತಿರುಗಿಸಿ. ಕ್ಯಾಮ್ ಕ್ರ್ಯಾಂಕಿನ ಅರ್ಧ ವೇಗದಲ್ಲಿ ತಿರುಗುವುದರಿಂದ ಒಂದು ಸುತ್ತು ಸಾಲದು. ಹಿಂದಕ್ಕೆ ತಿರುಗಿಸಿದರೆ ಚೈನಿನ ಸಡಿಲು ಬೇರೆ ಕಡೆಗೆ ಹೋಗಿ ಕ್ಯಾಮ್ ಜಾಗ ಬದಲಾಗುತ್ತದೆ. ಕಿಕ್ಕರ್ ಹೊಡೆಯುವುದು, ಸೆಲ್ಫ್ ಒತ್ತುವುದು ಬೇಡವೇ ಬೇಡ. ಎಲ್ಲಾದರೂ ಗಟ್ಟಿಯಾಗಿ ತಡೆದರೆ ಬಲ ಹಾಕಬೇಡಿ: ಕ್ಲೇ ಮೆತ್ತಗೆ ಒಪ್ಪಿಕೊಳ್ಳುತ್ತದೆ, ಲೋಹ ಲೋಹಕ್ಕೆ ತಗಲಿದರೆ ಸ್ಪ್ಯಾನರ್ ಅಲ್ಲೇ ನಿಲ್ಲುತ್ತದೆ. ಆ ವ್ಯತ್ಯಾಸ ಕೈಗೆ ತಿಳಿಯುತ್ತದೆ.

ಹೆಡ್ ನೇರವಾಗಿ ಮೇಲಕ್ಕೆತ್ತಿ. ಕ್ಲೇಯ ಮೇಲೆ ವಾಲ್ವಿನ ಅಚ್ಚು ಬಿದ್ದಿರುತ್ತದೆ. ಒಂದೇ ಸಮ ಆಳ ಇರುವುದಿಲ್ಲ, ಸಾಮಾನ್ಯವಾಗಿ ಒಂದು ಅಂಚಿನಲ್ಲಿ ತೆಳುವಾಗಿರುತ್ತದೆ. ಹೊಸ ಬ್ಲೇಡಿಗೆ ಎಣ್ಣೆ ಸವರಿ ಆ ತೆಳು ಜಾಗದ ನಡುವೆ ನೇರವಾಗಿ ಕೊಯ್ದು ಅರ್ಧ ಭಾಗ ತೆಗೆದುಬಿಡಿ. ಉಳಿದ ಅರ್ಧದ ಕೊಯ್ದ ಮುಖ ಕಣ್ಣೆದುರಿಗೆ ಬರುತ್ತದೆ. ವರ್ನಿಯರಿನ ಹಿಂಬದಿಯ ಕಡ್ಡಿಯನ್ನು ಮೇಲಿನಿಂದ ಒತ್ತಿ ಅಳೆದರೆ ಕ್ಲೇ ಅದುಮಿ ತಪ್ಪು ಬರುತ್ತದೆ. ಪಕ್ಕದಿಂದ ಹಿಡಿದು ದಪ್ಪ ಓದಿ. ಗೋಡೆಯ ಕಡೆಯ ದಪ್ಪವನ್ನೂ ಓದಿ. ಅಚ್ಚು ಉಜ್ಜಿದ ಹಾಗೆ ಕಂಡರೆ ಇನ್ನೊಮ್ಮೆ ಮಾಡಬೇಕು.

ಒಂದು ಎಚ್ಚರಿಕೆ ಹೈಡ್ರಾಲಿಕ್ ಟ್ಯಾಪೆಟ್ಟಿನವರಿಗೆ, ಅಂದರೆ ಎಣ್ಣೆಯ ಒತ್ತಡದಿಂದ ಗ್ಯಾಪನ್ನು ತಾನೇ ತುಂಬಿಕೊಳ್ಳುವ ಟ್ಯಾಪೆಟ್ ಇರುವವರಿಗೆ. ರಾಯಲ್ ಎನ್‌ಫೀಲ್ಡಿನ ಯುಸಿಇ (ಗೇರ್ ಬಾಕ್ಸ್ ಸೇರಿ ಒಂದೇ ಕವಚದ) ಎಂಜಿನ್ನಿನಲ್ಲಿರುವುದು ಅದೇ. ಎಣ್ಣೆ ತುಂಬದ ಟ್ಯಾಪೆಟ್ಟಿನ ಮೇಲೆ ಗಟ್ಟಿ ವಾಲ್ವ್ ಸ್ಪ್ರಿಂಗ್ ಒತ್ತಿದರೆ ಟ್ಯಾಪೆಟ್ ಒಳಕ್ಕೆ ಕುಸಿಯುತ್ತದೆ, ವಾಲ್ವ್ ಪೂರ್ತಿ ತೆರೆಯುವುದೇ ಇಲ್ಲ. ಕ್ಲೇ ಮೂರು ಮಿಮೀ ತೋರಿಸಿತು ಎಂದು ಖುಷಿಪಟ್ಟರೆ, ಎಣ್ಣೆಯ ಒತ್ತಡ ಬಂದ ಮೇಲೆ ಆ ಮೂರು ಇರುವುದಿಲ್ಲ. ಅಳೆಯುವ ಹೊತ್ತಿಗೆ ವಾಲ್ವ್ ಸ್ಪ್ರಿಂಗ್ ತೆಗೆದು, ಬೆರಳಲ್ಲಿ ಅದುಮಬಹುದಾದಷ್ಟು ಮೆತ್ತನೆಯ ಸ್ಪ್ರಿಂಗ್ ಹಾಕಿ, ಇಲ್ಲವೇ ಅಷ್ಟೇ ಉದ್ದದ ಗಟ್ಟಿ ಟ್ಯಾಪೆಟ್ ಮಾಡಿಸಿ ಹಾಕಿ.

ಡಯಲ್ ಗೇಜ್ ವಿಧಾನಕ್ಕೂ ಆ ಮೆತ್ತನೆಯ ಸ್ಪ್ರಿಂಗೇ ಬೇಕು. ಗೇಜಿನ ಕಡ್ಡಿಯನ್ನು ವಾಲ್ವ್ ಕಡ್ಡಿಗೆ ಸಮಾನಾಂತರವಾಗಿ ರಿಟೇನರ್ (ಸ್ಪ್ರಿಂಗ್ ಹಿಡಿದಿಡುವ ಬಿಲ್ಲೆ) ಮೇಲೆ ನಿಲ್ಲಿಸಿ. ಓರೆ ನಿಂತರೆ ಅಳತೆ ಓರೆ. ಓವರ್‌ಲ್ಯಾಪಿನ ಟಿಡಿಸಿಗೆ 20 ಡಿಗ್ರಿ ಮೊದಲಿನಿಂದ ಶುರುಮಾಡಿ, ಸೊನ್ನೆ ಮಾಡಿಕೊಂಡು, ರಾಕರನ್ನು ಬೆರಳಲ್ಲಿ ಒತ್ತಿ ವಾಲ್ವ್ ಪಿಸ್ಟನ್ನಿಗೆ ತಾಗುವವರೆಗೆ ಇಳಿಸಿ, ಗೇಜ್ ಓದಿ. ಎರಡೆರಡು ಡಿಗ್ರಿಗೊಮ್ಮೆ ಇದನ್ನೇ ಮಾಡುತ್ತ ಟಿಡಿಸಿ ದಾಟಿ 20 ಡಿಗ್ರಿವರೆಗೆ ಹೋಗಿ. ಉದಾಹರಣೆಗೆ ಎಕ್ಸಾಸ್ಟಿಗೆ 20ರಲ್ಲಿ 4.1, 14ರಲ್ಲಿ 3.0, 10ರಲ್ಲಿ 2.7, 6ರಲ್ಲಿ 2.8, ಟಿಡಿಸಿಯಲ್ಲಿ 3.2 ಬಂದರೆ ಆ ಎಂಜಿನ್ನಿನ ಅಂತರ 2.7. ಟಿಡಿಸಿಯಲ್ಲಿ ಮಾತ್ರ ಅಳೆದವರಿಗೆ ಅರ್ಧ ಮಿಮೀ ಇಲ್ಲದ ಜಾಗ ಇದ್ದಂತೆ ಕಾಣುತ್ತದೆ. ಕ್ಲೇ ಅತಿ ಕಡಿಮೆ ಅಂತರವನ್ನು ತೋರಿಸುತ್ತದೆ, ಅದು ಯಾವ ಡಿಗ್ರಿಯಲ್ಲಿ ಎಂದು ಹೇಳುವುದಿಲ್ಲ. ಗೇಜ್ ಎರಡನ್ನೂ ಹೇಳುತ್ತದೆ. ಪಾಕೆಟ್ಟಿನ ಗೋಡೆಯನ್ನು ಮಾತ್ರ ಗೇಜ್ ಕಾಣದು. ಸಾಧ್ಯವಿದ್ದರೆ ಎರಡೂ ಮಾಡುವುದೇ ಸರಿ.

ಸ್ಕ್ರೂ ಮತ್ತು ಲಾಕ್‌ನಟ್ ಇರುವ ರಾಕರಾದರೆ ಗೇಜ್ ಇಲ್ಲದೆಯೂ ಒಂದು ದಾರಿ ಇದೆ. ಅದೇ ಟಿಡಿಸಿಗೆ 10 ಡಿಗ್ರಿ ಮೊದಲು ನಿಲ್ಲಿಸಿ, ಎಕ್ಸಾಸ್ಟ್ ವಾಲ್ವಿನ ಸ್ಕ್ರೂವನ್ನು ವಾಲ್ವ್ ಪಿಸ್ಟನ್ನಿಗೆ ತಾಗುವವರೆಗೆ ಬಿಗಿಯುತ್ತ ಸುತ್ತು ಎಣಿಸಿ. ಪಿಚ್ ಗೇಜಿನಲ್ಲಿ ಸ್ಕ್ರೂವಿನ ಪಿಚ್ (ಒಂದು ಸುತ್ತಿಗೆ ಇಳಿಯುವ ದೂರ) ಅರ್ಧ ಮಿಮೀ ಎಂದು ಕಂಡರೆ ಐದು ಸುತ್ತಿಗೆ ಎರಡೂವರೆ ಮಿಮೀ. ಮುಂದಿನ ಡಿಗ್ರಿಗೆ ಕ್ರ್ಯಾಂಕ್ ತಿರುಗಿಸುವ ಮುನ್ನ ಸ್ಕ್ರೂವನ್ನು ಮೊದಲಿದ್ದಲ್ಲಿಗೆ ಬಿಚ್ಚಲೇಬೇಕು. ಮರೆತು ತಿರುಗಿಸಿದರೆ ಅಳೆಯಲು ಹೋಗಿ ವಾಲ್ವ್ ಬಗ್ಗಿಸಿದಂತಾಗುತ್ತದೆ.

ಲಿಫ್ಟ್ ಹೆಚ್ಚಾದದ್ದರ ಪರಿಣಾಮ ಬೇರೆ ಕಡೆ ಇದೆ, ಹೆಡ್ ಕೈಯಲ್ಲಿರುವಾಗಲೇ ಅದನ್ನೂ ನೋಡಿಬಿಡಬೇಕು. ಪೂರ್ತಿ ಲಿಫ್ಟಿನಲ್ಲಿ ಸ್ಪ್ರಿಂಗಿನ ಸುತ್ತುಗಳು ಒಂದಕ್ಕೊಂದು ಕೂತುಬಿಡಬಾರದು. ಒಟ್ಟು ಸೇರಿ ಒಂದರಿಂದ ಒಂದೂವರೆ ಮಿಮೀ ಸಂದು ಉಳಿದಿರಬೇಕು. ರಿಟೇನರಿನ ಕೆಳಭಾಗಕ್ಕೂ ವಾಲ್ವ್ ಸೀಲಿಗೂ ನಡುವೆ ಒಂದೂವರೆ ಮಿಮೀ.

ಹೆಡ್ ಸ್ಕಿಮ್ಮಿಂಗ್ (ಹೆಡ್ಡಿನ ಅಡಿಮುಖವನ್ನು ತುಸು ಕೊರೆದು ತೆಗೆಯುವುದು) ಮಾಡಿಸಿದ ಎಂಜಿನ್ನಿಗೆ ಇಷ್ಟೆಲ್ಲ ಲೆಕ್ಕದಲ್ಲಿ ಇನ್ನಷ್ಟು ಜಾಗ ಹೋಗಿರುತ್ತದೆ. ಅರ್ಧ ಮಿಮೀ ತೆಗೆಸಿದರೆ 30 ಡಿಗ್ರಿ ಓರೆಯ ವಾಲ್ವಿಗೆ ಅದರ ಕಡ್ಡಿಯ ನೇರಕ್ಕೆ ಸುಮಾರು 0.43 ಮಿಮೀ ಕಡಿಮೆಯಾಗುತ್ತದೆ. ಜೊತೆಗೆ ಹೆಡ್ ಕೆಳಗಿಳಿದದ್ದರಿಂದ ಚೈನ್ ಕ್ಯಾಮನ್ನು ಸ್ವಲ್ಪ ಹಿಂದಕ್ಕೆ ಸರಿಸುತ್ತದೆ, ಎಕ್ಸಾಸ್ಟಿಗೆ ಎರಡು ಕಡೆಯಿಂದ ಪೆಟ್ಟು. ಹೊಸ ವಾಲ್ವ್ ಸೀಟ್ ಹಾಕಿಸಿದರೂ ವಾಲ್ವ್ ಮೊದಲಿಗಿಂತ ಮುಂದಕ್ಕೆ ಚಾಚಿ ನಿಲ್ಲಬಹುದು. ಆದ್ದರಿಂದ ಯಂತ್ರದ ಕೆಲಸವೆಲ್ಲ ಮುಗಿದ ಮೇಲೆ ಅಳೆಯಬೇಕು. ಮೊದಲು ಅಳೆದು ಆಮೇಲೆ ಸ್ಕಿಮ್ಮಿಂಗಿಗೆ ಕಳಿಸುವುದು ಕ್ರಮವಲ್ಲ.

ಜಾಗ ಸಾಲದಿದ್ದರೆ ಏನು ಮಾಡಬೇಕು ಎನ್ನುವುದರಲ್ಲಿ ಊರಿನಲ್ಲಿ ಒಮ್ಮತವಿಲ್ಲ. ದಪ್ಪ ಪ್ಯಾಕಿಂಗ್ ಹಾಕುವುದು ಸುಲಭ, ಆದರೆ ಕಂಪ್ರೆಷನ್ ಇಳಿಯುತ್ತದೆ. ಕ್ಯಾಮ್ ಹಾಕಿದ್ದೇ ಪವರಿಗೆ ಎಂದಾದರೆ ಒಂದು ಕೈಯಲ್ಲಿ ಕೊಟ್ಟು ಇನ್ನೊಂದು ಕೈಯಲ್ಲಿ ಕಸಿದುಕೊಂಡ ಹಾಗೆ. ಕ್ಯಾಮ್ ಟೈಮಿಂಗ್ ಒಂದೆರಡು ಡಿಗ್ರಿ ಸರಿಸುವುದು ಎರಡು ಕ್ಯಾಮಿನ ಹೆಡ್ಡಿನಲ್ಲಿ ಸರಿ. ಒಂದೇ ಕ್ಯಾಮಿನ ಹೆಡ್ಡಿನಲ್ಲಿ ಇನ್‌ಲೆಟ್ಟಿಗೆ ಸಿಕ್ಕ ಜಾಗ ಎಕ್ಸಾಸ್ಟಿನ ಪಾಲಿನಿಂದ ಹೋಗುತ್ತದೆ. ವಾಲ್ವನ್ನು ಸೀಟಿನೊಳಕ್ಕೆ ಇಳಿಸಿ ಜಾಗ ಮಾಡುವವರಿದ್ದಾರೆ. ಗಾಳಿ ನುಗ್ಗುವ ದಾರಿಯನ್ನೇ ಕೆಡಿಸುವ ಆ ಕೆಲಸವನ್ನು ನಾವು ಒಪ್ಪುವುದಿಲ್ಲ. ಸರಿಯಾದದ್ದು ಪಿಸ್ಟನ್ನಿನ ಪಾಕೆಟ್ಟನ್ನು ಆಳ ಮಾಡಿಸುವುದು. ಅದೂ ಗ್ರೈಂಡರಿನಲ್ಲಿ ಕೈಯಂದಾಜಿಗೆ ಕೆರೆದಲ್ಲ, ಮಿಲ್ಲಿಂಗ್ ಮೆಷಿನ್ನಿನಲ್ಲಿ, ವಾಲ್ವಿನ ಓರೆಗೆ ಪಿಸ್ಟನ್ ಹಿಡಿದು, ವಾಲ್ವಿಗಿಂತ ಮೂರು ಮಿಮೀ ದೊಡ್ಡ ಕಟ್ಟರಿನಲ್ಲಿ. ನಡುಬಿಂದು ಸಿಗಲು ಹಳೆಯ ವಾಲ್ವಿನ ಕಡ್ಡಿಯ ತುದಿಯನ್ನು ಚೂಪು ಮಾಡಿ, ಹೆಡ್ ಕೂರಿಸಿ, ಗೈಡಿನ ಮೂಲಕ ಇಳಿಸಿ ಪಿಸ್ಟನ್ನಿನ ಮೇಲೆ ಒಂದು ಚುಕ್ಕೆ ಹೊಡೆದರಾಯಿತು. ಕೊರೆಯುವ ಮುನ್ನ ಪಿಸ್ಟನ್ ತಲೆಯ ದಪ್ಪ ಅಳೆಯಬೇಕು. ತಯಾರಕರ ಅಂಕಿ ಕೈಯಲ್ಲಿಲ್ಲದಿದ್ದರೆ ಪಾಕೆಟ್ಟಿನ ಕೆಳಗೆ 5 ಮಿಮೀ ಉಳಿಯಲೇಬೇಕು ಎಂದಿಟ್ಟುಕೊಳ್ಳಿ, ಮೇಲಿನ ರಿಂಗ್ ಕೂರುವ ಕಾಲುವೆಯ ಹತ್ತಿರಕ್ಕೂ ಕಟ್ಟರ್ ಹೋಗಬಾರದು. ಅಷ್ಟು ಉಳಿಯದಿದ್ದರೆ ಆ ಪಿಸ್ಟನ್ನಿಗೆ ಆ ಕ್ಯಾಮ್ ಸಲ್ಲದು. ಕೊರೆದ ಅಂಚಿನ ಚೂಪನ್ನು ಎಮೆರಿಯಲ್ಲಿ ದುಂಡು ಮಾಡಬೇಕು, ಇಲ್ಲವಾದರೆ ಅದು ವಿಪರೀತ ಕಾದು ನಾಕಿಂಗ್ (ಎಂಜಿನ್ನಿನೊಳಗಿನ ಬಡಿತ) ಶುರುವಾಗಬಹುದು.

ಅಂತರಸನಹಳ್ಳಿಯಂಥ ಕೈಗಾರಿಕಾ ಪ್ರದೇಶ ಇರುವ ಊರಿದು. 2016ರಲ್ಲಿ ಬಾಗಿಲು ಹಾಕುವವರೆಗೂ ಎಚ್‌ಎಂಟಿ ಗಡಿಯಾರ ಕಾರ್ಖಾನೆ ಇಲ್ಲೇ ಇತ್ತು. ಮಿಲಿಮೀಟರಿನ ನೂರನೇ ಒಂದು ಪಾಲನ್ನು ದಿನವಿಡೀ ಅಳೆದ ಕೈಗಳು ಈ ಊರಿನಲ್ಲಿ ಇವೆ. ಹೀಗಿರುವಾಗ ಎರಡು ಮಿಮೀ ಅಳೆಯುವುದನ್ನು ನಮ್ಮ ಗ್ಯಾರೇಜಿನವರು ದೊಡ್ಡ ವಿದ್ಯೆ ಎಂದುಕೊಳ್ಳಬೇಕಾಗಿಲ್ಲ. ಸಮಯದ ಮಾತು ಬೇರೆ: ಗಿರಾಕಿ ಸಂಜೆಗೆ ಗಾಡಿ ಕೇಳುತ್ತಾನೆ, ಕ್ಲೇ ಇಟ್ಟು ಹೆಡ್ ಎರಡು ಸಲ ಕೂರಿಸಲು ಅರ್ಧ ದಿನ ಬೇಕು. ಆ ಅರ್ಧ ದಿನದ ಕೂಲಿಯನ್ನು ಮೊದಲೇ ಹೇಳಿ ಬಿಲ್ಲಿನಲ್ಲಿ ಬರೆಯುವುದೇ ಮೇಲು. ಬೆಂಗಳೂರಿನ ಜೆ.ಸಿ. ರಸ್ತೆಯಿಂದ ಕ್ಯಾಮ್ ತರಿಸುವವರು ಕಾರ್ಡ್ ಕೇಳಿ ತರಿಸಿ. ಹಳೆಯ ಕ್ಯಾಮನ್ನೇ ಸಾಣೆ ಹಿಡಿದು ಮಾಡಿದ್ದಾದರೆ ಅದರ ಬುಡದ ವೃತ್ತ ಚಿಕ್ಕದಾಗಿರುತ್ತದೆ, ಟ್ಯಾಪೆಟ್ ಸ್ಕ್ರೂ ತುಂಬ ಹೊರಕ್ಕೆ ಬರುತ್ತದೆ ಅಥವಾ ದಪ್ಪ ಶಿಮ್ (ಗ್ಯಾಪ್ ತುಂಬುವ ಬಿಲ್ಲೆ) ಬೇಕಾಗುತ್ತದೆ ಎಂಬುದೂ ತಿಳಿದಿರಲಿ.

ರಸ್ತೆಯ ಗಾಡಿಗೆ ಹೀಗೆ ಮಾಡುವುದು ಕಾನೂನಿಗೆ ಒಪ್ಪುವಂಥದ್ದೇ ಎಂದು ಕೇಳುವವರಿಗೆ: ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಮಾರ್ಪಾಟುಗಳ ಮೇಲೆ ಮಿತಿ ಹಾಕಿದೆ, 2019ರ ತಿದ್ದುಪಡಿಯ ನಂತರ ಅನುಮತಿಯಿಲ್ಲದ ಒಂದೊಂದು ಮಾರ್ಪಾಟಿಗೂ ಮಾಲೀಕನಿಗೆ 5,000 ರೂಪಾಯಿ ದಂಡ ಬೀಳಬಹುದು, ಜೈಲೂ ಆಗಬಹುದು. ಮೇಲೆ ಬರೆದದ್ದು ಟ್ರ್ಯಾಕಿಗೆ, ಸ್ಪರ್ಧೆಗೆ ಎಂಜಿನ್ ಕಟ್ಟುವವರಿಗೆ.

ಅಳೆಯದೆ ಕ್ಯಾಮ್ ಹಾಕಿ ಈಗಾಗಲೇ ಓಡಿಸುತ್ತಿರುವವರು ಒಂದು ಸಂಗತಿಯ ಮೇಲೆ ಕಣ್ಣಿಡಬೇಕು. ಪಿಸ್ಟನ್ ಮೆಲ್ಲಗೆ ಮುಟ್ಟಿದರೂ ವಾಲ್ವಿನ ತಲೆ ಒಂದು ಎಳೆ ಓರೆಯಾಗುತ್ತದೆ, ಸೀಟಿನಲ್ಲಿ ಪೂರ್ತಿ ಕೂರುವುದಿಲ್ಲ. ಕಡ್ಡಿಯ ಮೇಲ್ತುದಿ ಅಷ್ಟು ಕೆಳಗೆ ನಿಲ್ಲುವುದರಿಂದ ಟ್ಯಾಪೆಟ್ ಗ್ಯಾಪ್ ಇದ್ದಕ್ಕಿದ್ದಂತೆ ಹೆಚ್ಚಾಗುತ್ತದೆ, ಟಿಕ್ ಟಿಕ್ ಸದ್ದು ಬರುತ್ತದೆ. ಟ್ಯಾಪೆಟ್ ಸದ್ದು ಎಂದು ಸ್ಕ್ರೂ ಬಿಗಿಯುತ್ತಾರೆ. ಬಿಗಿದಷ್ಟೂ ವಾಲ್ವ್ ಇನ್ನೂ ಬೇಗ ತೆರೆದು ಇನ್ನೂ ತಡವಾಗಿ ಮುಚ್ಚುತ್ತದೆ, ಪಿಸ್ಟನ್ನಿಗೆ ಇನ್ನೂ ಹತ್ತಿರವಾಗುತ್ತದೆ. ಬಾಗಿದ ವಾಲ್ವಿನ ತಲೆ ಒಂದು ದಿನ ಕಡ್ಡಿಯಿಂದ ಮುರಿದು ಬಿದ್ದರೆ ಪಿಸ್ಟನ್, ಬೋರು, ಹೆಡ್ ಮೂರೂ ಒಟ್ಟಿಗೆ ಹೋಗುತ್ತವೆ. ಆದ್ದರಿಂದ ಕ್ಯಾಮ್ ಬದಲಿಸಿದ ಎಂಜಿನ್ನಿನಲ್ಲಿ ಗ್ಯಾಪ್ ತಾನಾಗಿ ಹೆಚ್ಚಾಗಿದ್ದರೆ ಸ್ಕ್ರೂ ಮುಟ್ಟಬೇಡಿ. ಪ್ಲಗ್ ಬಿಚ್ಚಿ, ಮೊಬೈಲಿಗೆ ಜೋಡಿಸುವ ಸಣ್ಣ ಕ್ಯಾಮೆರಾವನ್ನು ಒಳಗಿಳಿಸಿ ಪಿಸ್ಟನ್ ತಲೆ ನೋಡಿ. ಕಪ್ಪು ಕಾರ್ಬನ್ನಿನ ನಡುವೆ ವಾಲ್ವಿನ ಅಂಚಿನ ಆಕಾರದ ಹೊಳೆಯುವ ಗೆರೆಯೊಂದು ಕಂಡರೆ ಗಾಡಿಯನ್ನು ಮತ್ತೆ ಸ್ಟಾರ್ಟ್ ಮಾಡಬೇಡಿ, ಹೆಡ್ ಬಿಚ್ಚಿಸಿ.

ಇತಿ,
ಎಂಜಿನ್ ಮತ್ತು ಲೇತ್ ಕೆಲಸದವರು
ತುಮಕೂರು